ಪಟ್ಟಿಯ ಮೇಲಿನ ಚೌಕ

ಹುಣ್ಣು ಇದ್ದದ್ದು ಪಾದದ ಗಂಟಿನ ಮೇಲೆ, ಒಳಮಗ್ಗುಲಿಗೆ. ಡಾಕ್ಟರು ಸೂಜಿ ಚುಚ್ಚಿದ್ದು ಮೊಣಕಾಲಿನ ಹತ್ತಿರ. ಸಾವಿತ್ರೆವ್ವನ ಅನುಮಾನ ಬಲಿತದ್ದು ಅಂದಿನಿಂದ. ಮೊಳೆತದ್ದು ಮಾತ್ರ ಅದಕ್ಕೂ ಮೊದಲೇ, ಜಮಖಂಡಿಯ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೊದಲ ಗುರುವಾರವೇ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ಅವಳ ಗಂಡ ಶಿವಯೋಗೆಪ್ಪನ ಕಾಲು ಎಲ್ಲರಿಗೂ ಗೊತ್ತಿದ್ದ ಕಾಲು. ಮನೆಯ ಕೈಮಗ್ಗ ನಿಂತ ಮೇಲೆ ಇಪ್ಪತ್ತಾರು ವರ್ಷ ಬೇರೆಯವರ ಪಾವರ್‌ಲೂಮ್ ಶೆಡ್ಡಿನಲ್ಲಿ ನಿಂತೇ ದುಡಿದವನು. ನಾಲ್ಕು ಮಗ್ಗಗಳ ನಡುವೆ ಮುಂಜಾನೆಯಿಂದ ಸಂಜೆಯ ತನಕ ಅತ್ತಿಂದಿತ್ತ ಓಡಾಟ. ಎಳೆ ಹರಿದಲ್ಲಿ ಗಂಟು ಹಾಕಬೇಕು, ಲಾಳಿ ಬದಲಿಸಬೇಕು. ಕೂಡಲು ಒಂದು ಸ್ಟೂಲು ಇರಲಿಲ್ಲ, ಇದ್ದಿದ್ದರೂ ಪುರುಸೊತ್ತು ಇರಲಿಲ್ಲ. ಮೊದಲು ಮೀನಖಂಡದ ನರಗಳು ಹಗ್ಗದಂತೆ ಉಬ್ಬಿದವು. ಆಮೇಲೆ ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಯಿತು. ಒಂದು ದಿನ ಮಗ್ಗದ ಮೂಲೆ ತಾಗಿ ಚೂರೇ ಚೂರು ತರಚಿತು. ಆ ತರಚು ಗಾಯ ಹುಣ್ಣಾಗಿ, ನಾಲ್ಕು ವರ್ಷವಾದರೂ ಮಾಯದೆ, ಎಳೆಗೂಸಿನ ಅಂಗೈಯಷ್ಟಾಗಿ ಕೂತಿತ್ತು. ಸಕ್ಕರೆ ಕಾಯಿಲೆ ಇಲ್ಲವೆಂದು ಮೂರು ಕಡೆ ರಕ್ತ ತೋರಿಸಿ ಆಗಿತ್ತು. ಮುಲಾಮು, ಅರಿಶಿನ, ಬೇವಿನ ನೀರು, ಇಂಜೆಕ್ಷನ್ನು, ಯಾವುದನ್ನೂ ಬಿಟ್ಟಿರಲಿಲ್ಲ.

ಹುಣ್ಣಿಗಿಂತ ಹೆಚ್ಚಾಗಿ ಸಾವಿತ್ರೆವ್ವನನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಹುಣ್ಣಿಗೆ ವಾಸನೆ ಹತ್ತಿದ ಮೇಲೆ ಶಿವಯೋಗೆಪ್ಪ ತನ್ನ ತಾಟು ತಾನೇ ಎತ್ತಿಕೊಂಡು ಮಗ್ಗದ ಕೋಣೆಗೆ ಹೋಗಿ ಉಣ್ಣತೊಡಗಿದ್ದ. ಯಾರೂ ಹೋಗು ಅಂದಿರಲಿಲ್ಲ. ಮೊಮ್ಮಗಳು ಒಮ್ಮೆ ಊಟದ ನಡುವೆ ಮೂಗು ಮುಚ್ಚಿಕೊಂಡಿದ್ದಳು, ಅಷ್ಟೇ. ಮೂರು ವರ್ಷದ ಕೂಸು, ಅದಕ್ಕೇನು ತಿಳಿಯಬೇಕು. ಅವತ್ತು ಎದ್ದವನು ಮತ್ತೆ ಒಳಗೆ ಕೂತು ಉಂಡಿರಲಿಲ್ಲ. ಸೋಮವಾರದ ಭಜನೆಗೆ ಹೋಗುವುದನ್ನೂ ಬಿಟ್ಟ. ಅಡುಗೆಮನೆಯಿಂದ ಮಗ್ಗದ ಕೋಣೆಗೆ ಹತ್ತು ಹೆಜ್ಜೆ. ಬಿಸಿ ರೊಟ್ಟಿ ಹಿಡಿದು ಆ ಹತ್ತು ಹೆಜ್ಜೆ ಹಾಕುವಾಗೆಲ್ಲ ಅವಳಿಗೆ ಅದೇ ಚಿಂತೆ. ಈ ಹುಣ್ಣು ಮಾಯದಿದ್ದರೆ ಈ ಮನುಷ್ಯ ಉಳಿದ ಆಯುಷ್ಯವನ್ನೆಲ್ಲ ತನ್ನ ಮನೆಯಲ್ಲೇ ಹೊರಗಿನವನಂತೆ ಉಂಡು ಮುಗಿಸುತ್ತಾನೆ.

ಎರಡು ಸಾವಿರದ ಹದಿಮೂರರ ಶ್ರಾವಣದಲ್ಲಿ ಮಗ ಬಸವಕುಮಾರ ಹೊಸ ಸುದ್ದಿ ತಂದ. ಅವನು ಜಮಖಂಡಿಯಲ್ಲಿ ಗುಮಾಸ್ತನಾಗಿದ್ದ. ಮೀರಜ ಕಡೆಯಿಂದ ಒಬ್ಬ ನರದ ಡಾಕ್ಟರು ಪ್ರತಿ ಗುರುವಾರ ಅಲ್ಲಿಯ ಆಸ್ಪತ್ರೆಗೆ ಬರುತ್ತಾರಂತೆ. ಕೊಯ್ಯದೆ, ಹೊಲಿಗೆ ಹಾಕದೆ, ಲೇಸರ್ ಹಾಯಿಸಿ ಕೆಟ್ಟ ನರ ಮುಚ್ಚುತ್ತಾರಂತೆ. ಅವತ್ತೇ ನಡೆದುಕೊಂಡು ಮನೆಗೆ ಬರಬಹುದಂತೆ. ಇಷ್ಟೊಂದು 'ಅಂತೆ' ಇರುವ ವೈದ್ಯವನ್ನು ಸಾವಿತ್ರೆವ್ವ ಕೇಳಿರಲಿಲ್ಲ. ವಾರಕ್ಕೊಮ್ಮೆ ಬಂದು ಹೋಗುವವನು ಸಂತೆಯ ವ್ಯಾಪಾರಿಯ ಹಾಗೆ. ಮಾಲು ಕೆಟ್ಟರೆ ಶುಕ್ರವಾರ ಯಾರ ಕೊರಳಪಟ್ಟಿ ಹಿಡಿಯುವುದು ಎಂದು ಕೇಳಿದಳು. ಆದರೂ ಹೊರಟಳು.

ಡಾಕ್ಟರ ಹೆಸರು ಅಮೋಲ. ಮೀಸೆ ಈಗಷ್ಟೇ ಗಟ್ಟಿಯಾದಂಥ ಮುಖ. ಅವನು ಮಾಡಿದ ಮೊದಲ ಕೆಲಸವೇ ಅವಳಿಗೆ ತಿಳಿಯಲಿಲ್ಲ. ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ ನೋಡಿದ ಮೇಲೆ ಬಿಚ್ಚಿ ಕಾಲಿಗೂ ಕಟ್ಟಿದ. ಕಾಲಿಗೆ ಎಂಥ ಬಿ.ಪಿ.? ಆಮೇಲೆ ತೊಡೆಯಿಂದ ಪಾದದ ತನಕ ತಣ್ಣನೆಯ ಲೋಳೆ ಸವರಿ, ಟಿ.ವಿ.ಯಂಥ ಯಂತ್ರದಲ್ಲಿ ಕೆಂಪು ನೀಲಿ ಬಣ್ಣ ನೋಡುತ್ತ ಕೂತ. ಕೊನೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಹುಣ್ಣಿನ ಮೇಲಿಟ್ಟು, ಅದರ ಅಂಚಿನಗುಂಟ ಕರಿ ಪೆನ್ನಿನಿಂದ ಗೆರೆ ಎಳೆದು, ಮೇಲೆ ತಾರೀಖು ಬರೆದ.

ಆ ಗೆರೆ ಕಂಡಾಗ ಸಾವಿತ್ರೆವ್ವನಿಗೆ ತವರಿನ ಗೋಡೆ ನೆನಪಾಯಿತು. ಅವಳ ತವರು ಬೀಳಗಿ ತಾಲೂಕಿನ ಅನಗವಾಡಿ. ಅಣೆಕಟ್ಟಿನ ಹಿನ್ನೀರು ಬರುವುದಕ್ಕೆ ಮುಂಚೆ ಹೀಗೇ ಶರ್ಟು ಪ್ಯಾಂಟಿನವರು ಬಂದು, ಟೇಪು ಹಿಡಿದು ಮನೆ ಅಳೆದು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಅವರೂ ಹೀಗೇ ಮೆತ್ತಗೆ ಮಾತಾಡಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಅವಳು ಹುಟ್ಟಿದ ಕೋಣೆಯಲ್ಲಿ ಮೀನು ಓಡಾಡಿದ್ದವು. ಅಳತೆ ಮಾಡಿ ಗೆರೆ ಎಳೆದವರು ಏನನ್ನಾದರೂ ಉಳಿಸಿದ್ದನ್ನು ಅವಳು ಕಂಡಿರಲಿಲ್ಲ.

ಅವಳ ಮುಖ ನೋಡಿಯೇ ಡಾಕ್ಟರು ಅವಳ ಅನುಮಾನವನ್ನು ಗುರ್ತು ಹಿಡಿದಿರಬೇಕು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ತವರು ಯಾವುದು ಎಂದು ಕೇಳಿದ. ಹೇಳಿದಳು.

"ಹಂಗಾರ ಕಾಕೂ, ನಿಮಗ ನಾ ಹೇಳೂದ ಬ್ಯಾಡ," ಅಂದ. "ಹಿನ್ನೀರ ಬಂದು ಗೋಡಿ ಬುಡಕ ನಿಂತ್ರ ಏನ ಆಗತೈತಿ?"

"ಉಪ್ಪ ಏಳತೈತಿ. ಮಣ್ಣ ಉದರತೈತಿ."

"ಅದರ ಮ್ಯಾಲ ಸಿಮೆಂಟ ಗಿಲಾವು ಮಾಡಿದ್ರ?"

"ನಿಲ್ಲೂದಿಲ್ರಿ."

"ಇದೂ ಹಂಗ. ಕಾಲಾಗಿನ ರಕ್ತ ಮ್ಯಾಲ ಏರಬೇಕು. ನರದಾಗಿನ ಬಾಗಲಾ ಕೆಟ್ಟು ಏರಿದ್ದು ತಿರಗಿ ಕೆಳಗ ಬಂದ ನಿಲ್ಲಾಕತ್ತೈತಿ. ನಿಮ್ಮ ಮುಲಾಮ ಅಂದ್ರ ಗಿಲಾವು. ನಾ ನೀರ ಬರೂ ದಾರಿ ಮುಚ್ಚತೇನಿ."

ಮಾತು ನೆಟ್ಟಗಿತ್ತು. ನೆಟ್ಟಗಿದ್ದದ್ದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು.

ಮುಂದಿನ ಗುರುವಾರ ಶಿವಯೋಗೆಪ್ಪನನ್ನು ಒಳಗೆ ಕರೆದೊಯ್ದರು. ಅವಳು ಬಾಗಿಲ ಹೊರಗೆ ಕೂತು ನೂರೆಂಟು ನಾಮ ಮುಗಿಸಿ ಮತ್ತೆ ಶುರು ಮಾಡುವಷ್ಟರಲ್ಲಿ ಗಂಡ ತನ್ನ ಕಾಲ ಮೇಲೆ ನಡೆದುಕೊಂಡೇ ಹೊರಗೆ ಬಂದ. ರಕ್ತವಿಲ್ಲ, ಹೊಲಿಗೆಯಿಲ್ಲ. ಬಸ್ಸಿನಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ: ಕಾಲಿನುದ್ದಕ್ಕೂ ಸಣ್ಣ ಸಣ್ಣ ಸೂಜಿ ಹಾಕಿ ಜುಮ್ಮೆನಿಸಿದರು, ಮೊಣಕಾಲಿನ ಹತ್ತಿರ ತೂತು ಮಾಡಿ ಕೂದಲೆಳೆಯಂಥ ತಂತಿ ತೂರಿಸಿದರು, ಅದರ ತುದಿಯಲ್ಲಿ ಕೆಂಪು ದೀಪ, ಚರ್ಮದ ಒಳಗೆ ಮಿಣುಕುಹುಳ ಹೋದಂತೆ ತೊಡೆಯ ತನಕ ಹೋಗಿ ತಿರುಗಿ ಬಂತು. ಅವನು ಇದನ್ನೆಲ್ಲ ಜಾತ್ರೆ ನೋಡಿ ಬಂದವರಂತೆ ಹೇಳುತ್ತಿದ್ದ. ಅವಳು ಕೇಳಿದ್ದು ಒಂದೇ: ಹುಣ್ಣಿಗೆ ಏನು ಮಾಡಿದರು? ತೊಳೆದು ಪಟ್ಟಿ ಸುತ್ತಿದರು, ಅಷ್ಟೇ ಅಂದ.

"ಹುಣ್ಣ ಇಲ್ಲೈತಿ, ಸೂಜಿ ಅಲ್ಲಿ ಚುಚ್ಚತಾನ," ಅಂದಳು ಸಾವಿತ್ರೆವ್ವ. "ಮಾಳಿಗಿ ಸೋರಿದ್ರ ಮಂದಿ ಮನಿಗಿ ಹೆಂಚ ಹಾಕಿದಂಗಾತು."

ಮನೆಗೆ ಬಂದ ಮೇಲೆ ಅವಳ ತಮ್ಮ ರಾಮಲಿಂಗಪ್ಪ ಫೋನು ಮಾಡಿದ. ಊರು ಮುಳುಗಿದ ಮೇಲೆ ಬೀಳಗಿ ಕಡೆಯ ಪುನರ್ವಸತಿ ಕಾಲನಿಯಲ್ಲಿ ಮನೆ ಕಟ್ಟಿದವನು. ಕಾಗದಕ್ಕೆ ಸಹಿ ಮಾಡಿಸಿಕೊಳ್ಳುವ ಯಾರನ್ನೂ ನಂಬುತ್ತಿರಲಿಲ್ಲ. ಭಾವನ ಸಹಿ ತೆಗೆದುಕೊಂಡರೇನು ಎಂದು ಮೊದಲು ಕೇಳಿದ. ಹೌದೆಂದಾಗ ಇನ್ನೊಂದು ಪ್ರಶ್ನೆ ಹಾಕಿದ.

"ಅಕ್ಕಾ, ನರಾ ಸುಟ್ಟ ಮುಚ್ಚಿದ್ರ ಅದರಾಗಿನ ರಕ್ತ ಎತ್ತ ಹೋಗಬೇಕು?"

ಡಾಕ್ಟರು ಅದಕ್ಕೂ ಉತ್ತರ ಹೇಳಿದ್ದ, ಒಳಗೆ ಬೇರೆ ದೊಡ್ಡ ನರಗಳಿವೆ, ರಕ್ತ ಅವುಗಳೊಳಗೆ ಹೋಗುತ್ತದೆ ಎಂದು. ಆದರೆ ತಮ್ಮನ ಬಾಯಿಂದ ಕೇಳಿದಾಗ ಪ್ರಶ್ನೆಯೇ ಉತ್ತರಕ್ಕಿಂತ ಗಟ್ಟಿಯಾಗಿ ಕಂಡಿತು.

ಇನ್ನು ಪಟ್ಟಿಯ ವಿಷಯ. ಅದು ಸಾದಾ ಬ್ಯಾಂಡೇಜು ಅಲ್ಲ. ಅಂಗೈ ಅಗಲದ, ಎಳೆದರೆ ಉದ್ದವಾಗುವ, ಬಿಟ್ಟರೆ ಸೇದಿಕೊಳ್ಳುವ ಪಟ್ಟಿ. ಅದರ ಮೇಲೆ ಪಟ್ಟಿಗೆ ಅಡ್ಡಲಾಗಿ ಉದ್ದುದ್ದ ಮನೆಗಳ ಗುರುತು ಹಾಕಿತ್ತು, ಇಟ್ಟಿಗೆಯ ಆಕಾರದಲ್ಲಿ. ಸುತ್ತುವಾಗ ಎಷ್ಟು ಎಳೆಯಬೇಕೆಂದರೆ ಆ ಉದ್ದ ಮನೆ ಚೌಕ ಮನೆಯಾಗಬೇಕು. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಲ್ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನ ತನಕ, ದಿನಾ ಮುಂಜಾನೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆ ಸುತ್ತಬೇಕು. ನರ ಮುಚ್ಚಿದ್ದು ಅರ್ಧ ಕೆಲಸ, ಪಟ್ಟಿಯದು ಇನ್ನರ್ಧ ಎಂದು ಡಾಕ್ಟರು ಹೇಳಿದ. ಚೌಕಡಿ ಸೀರೆ ನೇಯ್ದ ಶಿವಯೋಗೆಪ್ಪನಿಗೆ ಈ ಉಪಾಯ ಬಹಳ ಹಿಡಿಸಿತು. ಪಟ್ಟಿಯನ್ನು ಎಳೆದು ಬಿಟ್ಟು, ಎಳೆದು ಬಿಟ್ಟು, ಇದನ್ನು ನೇಯ್ದವನು ಯಾರೋ ಛಲೋ ಕಸಬುದಾರ ಅಂದ.

ನರ್ಸ್ ಮನೀಷಾ ಸುತ್ತುವುದನ್ನು ಕಲಿಸಿದ್ದು ಸೊಸೆ ಶೈಲಾಗೆ. ಸಾವಿತ್ರೆವ್ವನ ಹೆಬ್ಬೆರಳು ನೂಲು ಸುತ್ತಿ ಸುತ್ತಿ ಬಾಗುತ್ತಿರಲಿಲ್ಲ. ಶೈಲಾ ಮುಧೋಳದ ಒಕ್ಕಲುತನದ ಮನೆಯ ಮಗಳು, ಬನಹಟ್ಟಿಯ ಖಾಸಗಿ ಸಾಲಿಯಲ್ಲಿ ಟೀಚರು. ಮಾವನ ಎದುರು ಸೆರಗು ಜಾರಗೊಡದ ಸೊಸೆ ಈಗ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂಡಬೇಕು. ಮೊದಲ ದಿನ ಶಿವಯೋಗೆಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಮಲಗಿದ್ದ. ಎರಡನೆಯ ದಿನ ಕಣ್ಣು ಮುಚ್ಚಿಕೊಂಡ. ವಾರ ಕಳೆಯುವುದರಲ್ಲಿ ಮಾವ ಸೊಸೆ ಇಬ್ಬರೂ ಸೇರಿ ಚೌಕ ಸರಿಯಾಯಿತೋ ಇಲ್ಲವೋ ಎಂದು ವಾದ ಮಾಡತೊಡಗಿದ್ದರು.

ಎರಡನೆಯ ಗೆರೆ ಮೊದಲಿನದಕ್ಕಿಂತ ಸಣ್ಣದಾಗಿ ಬಂತು. ಮೂರನೆಯದು ಇನ್ನೂ ಸಣ್ಣದು. ಡಾಕ್ಟರು ಮೂರೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ತೋರಿಸಿದ. ವಾಸನೆಯೂ ಇಳಿದಿತ್ತು. ಸಾವಿತ್ರೆವ್ವ ಹಾಳೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು, ಗೆರೆಯನ್ನು ಬೇಕೆಂದೇ ಸಣ್ಣದಾಗಿ ಎಳೆದನೇನೋ ಎಂದು ಮನೆಗೆ ಬಂದು ತನ್ನ ಬೆರಳಿನಿಂದಲೇ ಹುಣ್ಣು ಅಳೆದಳು. ಸಣ್ಣದಾದದ್ದು ಖರೆ. ಅವತ್ತು ರಾತ್ರಿಯ ರೊಟ್ಟಿ ಬಡಿಯುವಾಗ ಅವಳ ಕೈ ಹಗುರಾಗಿತ್ತು. ದೀಪಾವಳಿಯ ಹೊತ್ತಿಗೆ ಈ ಮನುಷ್ಯ ಒಳಗೆ ಕೂತು ಉಂಡಾನು ಅಂದುಕೊಂಡಳು. ಅಂದುಕೊಂಡ ಮೇಲೆ, ಇದರಲ್ಲಿ ತನ್ನ ಕೈಯದೂ ಏನಾದರೂ ಇರಬೇಕಲ್ಲ ಅನಿಸಿತು.

ಪಟ್ಟಿ ಎರಡಿದ್ದವು, ಒಂದು ಕಾಲಿಗೆ, ಒಂದು ತೊಳೆಯುವುದಕ್ಕೆ. ಶೈಲಾ ಅದನ್ನು ಸೋಪಿನ ನೀರಿನಲ್ಲಿ ಮೆತ್ತಗೆ ಹಿಚುಕಿ, ಹಿಂಡದೆ, ನೆರಳಲ್ಲಿ ಒಂದು ಮೊರದ ಮೇಲೆ ಮುದ್ದೆಯಂತೆ ಹರವಿ ಸಾಲಿಗೆ ಹೋಗುತ್ತಿದ್ದಳು. ಒಣಗಿದ ಪಟ್ಟಿ ಸುಕ್ಕುಸುಕ್ಕಾಗಿ, ಸೇದಿಕೊಂಡು, ಮುದುಕಿಯ ಕೆನ್ನೆಯ ಹಾಗೆ ಬಿದ್ದಿರುತ್ತಿತ್ತು. ಅದನ್ನು ನೋಡಿ ಸಾವಿತ್ರೆವ್ವನಿಗೆ ತಡೆಯಲಾಗಲಿಲ್ಲ. ಒಕ್ಕಲಿಗರ ಮನೆಯ ಹುಡುಗಿ, ಬಟ್ಟೆಯ ಹದ ಎಲ್ಲಿಂದ ತಿಳಿಯಬೇಕು. ನೇಕಾರರ ಮನೆಯಲ್ಲಿ ಹಸಿ ಬಟ್ಟೆಯನ್ನು ಮುದ್ದೆ ಮಾಡಿ ಒಣಗಿಸಿದರೆ ಅತ್ತೆ ಕೈಮೇಲೆ ಬಾರಿಸುತ್ತಿದ್ದಳು. ಎಳೆ ನೆಟ್ಟಗಿರಬೇಕು, ಬಿಗಿಯಾಗಿರಬೇಕು, ಬಿಸಿಲು ಕುಡಿಯಬೇಕು.

ಮೂರನೆಯ ಗೆರೆಯ ಮರುದಿನ, ಸೊಸೆ ಸಾಲಿಗೆ ಹೋದ ಮೇಲೆ, ಸಾವಿತ್ರೆವ್ವ ಪಟ್ಟಿಯನ್ನು ಮತ್ತೆ ತೋಯಿಸಿದಳು. ತೆಳ್ಳಗೆ ಗಂಜಿ ಕಾಯಿಸಿ, ಅತ್ತೆ ಕಲಿಸಿದಂತೆ ಅದಕ್ಕೆ ಎರಡು ಹನಿ ಶೇಂಗಾ ಎಣ್ಣೆ ಬಿಟ್ಟು, ಪಟ್ಟಿಯನ್ನು ಅದರಲ್ಲಿ ಅದ್ದಿ ತೆಗೆದಳು. ಹಿತ್ತಲಲ್ಲಿ ಎರಡು ಗೂಟಗಳಿದ್ದವು. ಒಂದು ಕಾಲಕ್ಕೆ ಮಗ್ಗದ ನೂಲಿಗೆ ಗಂಜಿ ಹಚ್ಚಿ ಒಣಗಿಸಲು ಹುಗಿದವು. ಈ ತುದಿ ಈ ಗೂಟಕ್ಕೆ, ಆ ತುದಿ ಆ ಗೂಟಕ್ಕೆ. ನಡುವೆ ಪಟ್ಟಿ ತಂಬೂರಿಯ ತಂತಿಯಂತೆ ನಿಂತಿತು. ಮೈಮೇಲಿನ ಸುಕ್ಕೆಲ್ಲ ಹೋಗಿ, ಉದ್ದ ಮನೆಗಳೆಲ್ಲ ತಾವಾಗಿಯೇ ಚೌಕವಾಗಿ, ನೋಡಲು ಕಣ್ಣಿಗೆ ಹಿತವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಗರಿಗರಿ ಒಣಗಿತು. ನೀಟಾಗಿ ಸುತ್ತಿ, ಶೈಲಾ ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ. ಅಂದಿನಿಂದ ದಿನಾ ಅದೇ ರೂಢಿಯಾಯಿತು.

ನಾಲ್ಕನೆಯ ಗೆರೆ ಮೂರನೆಯದರಷ್ಟೇ ಇತ್ತು. ಐದನೆಯದು ದೊಡ್ಡದಾಗಿತ್ತು.

ಡಾಕ್ಟರು ಹುಬ್ಬು ಗಂಟಿಕ್ಕಿ ಯಂತ್ರ ಹಚ್ಚಿ ನೋಡಿದ, ಮುಚ್ಚಿದ ನರ ಮುಚ್ಚಿಯೇ ಇದೆ ಅಂದ. ಪಟ್ಟಿ ಸರಿಯಾಗಿ ಸುತ್ತುತ್ತಿದ್ದೀರಾ ಎಂದು ಕೇಳಿದ. ಚೌಕ ನೋಡಿಯೇ ಸುತ್ತುತ್ತೇನೆ ಅಂದಳು ಶೈಲಾ. ಇನ್ನೆರಡು ವಾರ ನೋಡೋಣ, ಕಾಲು ಎತ್ತರಕ್ಕಿಟ್ಟು ಮಲಗಲಿ ಎಂದು ಕಳಿಸಿದ. ಸಾವಿತ್ರೆವ್ವನಿಗೆ ಬೇಕಾಗಿದ್ದದ್ದು ಸಿಕ್ಕಿತು. ಮುಚ್ಚಿದೆಯಂತೆ, ಆದರೆ ಹುಣ್ಣು ಬೆಳೆಯುತ್ತದಂತೆ. ತವರಿನ ಗೋಡೆಯ ಮೇಲಿನ ಕೆಂಪು ನಂಬರು ಮತ್ತೆ ಕಣ್ಣ ಮುಂದೆ ಬಂತು.

ಮನೆಯಲ್ಲಿ ಇನ್ನೊಂದನ್ನೂ ಗಮನಿಸಿದಳು. ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಜಾರಿ ಪಾದದ ಮೇಲೆ ಬಳೆಯಂತೆ ಕೂತಿರುತ್ತಿತ್ತು. ಸಂಜೆಗೆ ಕಾಲು ಊದಿ, ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ಮೊದಲ ತಿಂಗಳು ಹೀಗಿರಲಿಲ್ಲ. ಹಾಗಾದರೆ ಸೊಸೆಯ ಕೈ ಸಡಿಲಾಗಿದೆ. ದಿನಾ ಹುಣ್ಣಿನ ಕಾಲು ಮುಟ್ಟಿ ಬೇಸರ ಬಂದಿರಬೇಕು, ಯಾರಿಗೆ ಬರುವುದಿಲ್ಲ? ಆದರೆ ಬೇಸರ ಬಂದರೆ ಬಾಯಿಬಿಟ್ಟು ಹೇಳಬೇಕು, ಹೀಗೆ ಸುತ್ತಿದಂತೆ ಮಾಡಬಾರದು. ಮೂರು ಮುಂಜಾನೆ ಚಹಾದ ನೆಪದಲ್ಲಿ ಬಾಗಿಲ ಮರೆಗೆ ನಿಂತು ನೋಡಿದಳು. ಶೈಲಾ ತಲೆ ಬಗ್ಗಿಸಿ, ತುಟಿ ಕಚ್ಚಿ, ಸುತ್ತು ಸುತ್ತಿಗೂ ಚೌಕ ನೋಡಿ ಸುತ್ತುತ್ತಿದ್ದಳು. ಎಳೆಯುವ ಮುಂಚೆ ಒಮ್ಮೆ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದದ್ದೂ ಕಂಡಿತು. ಹೇಸಿಕೆ ಪಡುತ್ತಾಳೆ ಎಂದು ಸಾವಿತ್ರೆವ್ವ ಅದನ್ನು ಲೆಕ್ಕಕ್ಕೆ ಹಿಡಿದಳು. ಅವತ್ತಿನಿಂದ ಸೊಸೆಯ ಜೊತೆ ಬೇಕಾದಷ್ಟೇ ಮಾತು.

ರಾಮಲಿಂಗಪ್ಪ ಬೀಳಗಿಯಿಂದ ಬಸ್ಸು ಹತ್ತಿ ಬಂದ. ಜೊತೆಗೆ ಒಣ ಎಲೆಯ ಒಂದು ಪುಡಿಕೆ. ಅವನ ಪರಿಚಯದ ಗೌಂಟಿ ವೈದ್ಯನೊಬ್ಬ ಇದ್ದ, ನಾಟಿ ಔಷಧಿ ಕೊಡುವವನು. ಈ ಎಲೆಯನ್ನು ಅರೆದು ಕಟ್ಟಿ, ಬರುವ ಅಮಾವಾಸ್ಯೆಗೆ ಭಾವನನ್ನು ಕರೆತಂದರೆ ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನಂತೆ. ಆದರೆ ಡಾಕ್ಟರ ಪಟ್ಟಿ ಗಿಟ್ಟಿ ಎಲ್ಲ ಬಿಟ್ಟು ಬರಬೇಕು. ಶಿವಯೋಗೆಪ್ಪ ಮಗ್ಗದ ಕೋಣೆಯಲ್ಲಿ ಕಾಲು ಚಾಚಿ ಕೂತು ಎಲ್ಲ ಕೇಳಿದ. ಕೊನೆಗೆ ಹೆಂಡತಿಯ ಕಡೆ ನೋಡಿ, ನೀನು ಹೇಳಿದಂತೆ ಅಂದ. ನಾಲ್ಕು ವರ್ಷದಲ್ಲಿ ಅವನ ದನಿ ಅಷ್ಟು ದಣಿದದ್ದನ್ನು ಅವಳು ಕೇಳಿರಲಿಲ್ಲ.

ಪುಡಿಕೆಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು. ಇನ್ನೊಂದು ಗುರುವಾರ ತಾನೇ ಹೋಗಿ ಆ ಡಾಕ್ಟರನನ್ನು ಕೇಳಿ ಬರುತ್ತೇನೆ, ಆಮೇಲೆ ಅಮಾವಾಸ್ಯೆ ಅಂದಳು. ಬರಿಗೈಯಲ್ಲಿ ಹೋದರೆ ಅವನು ಮಾತಿನಲ್ಲಿ ಸುತ್ತುತ್ತಾನೆ. ಅದಕ್ಕೇ ಹಿಂದಿನ ದಿನ ಒಣಗಿಸಿದ್ದ ಪಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಬಟ್ಟೆ ನೋಡಿ ಮೋಸ ಹಿಡಿಯುವುದು ತನಗೆ ಬರುವ ವಿದ್ಯೆ.

ಗುರುವಾರ ಮೂವರೂ ಹೋದರು. ಶೈಲಾ ಅರ್ಧ ದಿನ ರಜೆ ಹಾಕಿದ್ದಳು. ಶಿವಯೋಗೆಪ್ಪನನ್ನು ಹಾಸಿಗೆಯ ಮೇಲೆ ಮಲಗಿಸಿ, ಡಾಕ್ಟರು ಬಂದು ನಮಸ್ಕಾರ ಹೇಳುವುದರೊಳಗೆ ಸಾವಿತ್ರೆವ್ವ ಪಟ್ಟಿ ತೆಗೆದು ಮೇಜಿನ ಮೇಲೆ ಬಿಚ್ಚಿ ಹರವಿದಳು.

"ನೋಡ್ರಿ ಡಾಕ್ಟರ. ಎರಡ ತಿಂಗಳದಾಗ ಸತ್ತ ಹೋತು ನಿಮ್ಮ ಪಟ್ಟಿ. ನಮ್ಮನ್ಯಾಗ ನೇಯ್ದ ಸೀರಿ ಇಪ್ಪತ್ತ ವರ್ಷ ಬಾಳತೈತಿ. ಇಂಥಾ ಅರಿವಿ ಕೊಟ್ಟು ನೀವು ಯಾರ ಕಾಲಿನ ಮ್ಯಾಲ ಆಟಾ ಆಡಾಕತ್ತೀರಿ?"

ಡಾಕ್ಟರು ಸಿಟ್ಟಾಗಲಿಲ್ಲ. ಪಟ್ಟಿಯನ್ನೇ ನೋಡುತ್ತ ನಿಂತ. ಮನೀಷಾ ಕಪಾಟಿನಿಂದ ಹೊಸ ಪಟ್ಟಿ ತಂದು ಅದರ ಪಕ್ಕದಲ್ಲೇ ಒಂದು ಮಾರು ಬಿಚ್ಚಿಟ್ಟಳು. ಹೊಸದರ ಮೇಲೆ ಉದ್ದ ಮನೆಗಳು, ಇಟ್ಟಿಗೆಯಂತೆ. ಸಾವಿತ್ರೆವ್ವ ತಂದದ್ದರ ಮೇಲೆ ಚೌಕ. ಯಾರ ಕೈಯೂ ಎಳೆಯದೆ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದಂತೆಯೇ ಚೌಕ. ಅಂದರೆ ಶೈಲಾ ಇಷ್ಟು ದಿನ ಚೌಕ ನೋಡಿ ಸುತ್ತಿದ್ದೂ ಸುಳ್ಳಲ್ಲ, ಪಟ್ಟಿ ಕಾಲನ್ನು ಹಿಡಿಯದೆ ಇದ್ದದ್ದೂ ಸುಳ್ಳಲ್ಲ.

"ಟೀಚರ, ತೊಳಿಯೂದು ಹೆಂಗಂತ ನಿಮಗ ಹೇಳಿದ್ನಿಲ್ಲ?" ಮನೀಷಾ ಶೈಲಾಳನ್ನು ಕೇಳಿದಳು. ಹೇಳಿದ್ದಿರಿ ಅಂದಳು ಶೈಲಾ, ನೆಲ ನೋಡುತ್ತ. ಡಾಕ್ಟರು ಈಗ ಸ್ವಲ್ಪ ಬಿಗಿದ ದನಿಯಲ್ಲಿ ಮಾತಾಡಿದ. ಇದನ್ನು ಎಳೆದು ಬಿಸಿಲಿಗೆ ಹಾಕಿದ್ದೀರಿ, ಇದರೊಳಗಿನ ರಬ್ಬರು ಸತ್ತಿದೆ. ನರ ಸರಿಯಾಗಿದ್ದೂ ಐದು ವಾರ ಸುಮ್ಮನೆ ಹೋಯಿತು. ಓದಿದವರೇ ಹೀಗೆ ಮಾಡಿದರೆ ಹೇಗೆ. ಶೈಲಾಳ ಕಿವಿಯ ತುದಿ ಕೆಂಪಾಯಿತು.

ಹಾಸಿಗೆಯ ಮೇಲಿಂದ ಶಿವಯೋಗೆಪ್ಪ ಕೈ ಚಾಚಿದ. ಮನೀಷಾ ಪಟ್ಟಿ ಕೊಟ್ಟಳು. ಅವನು ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದ. ಮೂಗಿಗೆ ಹಿಡಿದ. ಗಂಜಿಯ ಹುಳಿವಾಸನೆ, ಅದರ ಹಿಂದೆ ಸಣ್ಣಗೆ ಶೇಂಗಾ ಎಣ್ಣೆ. ಮನೆಯ ಮಗ್ಗ ನಡೆದಷ್ಟು ವರ್ಷ ಅದರ ನೂಲಿಗೆ ಆ ಗಂಜಿ ಕಾಯಿಸಿದ ಕೈ ಒಂದೇ. ಅವನು ಹೆಂಡತಿಯ ಕಡೆ ನೋಡಿದ, ಅರೆಗಳಿಗೆಯಷ್ಟೇ. ಆಮೇಲೆ ಡಾಕ್ಟರ ಕಡೆ ತಿರುಗಿದ.

"ಶೈಲಾಂದಲ್ರಿ ತಪ್ಪು. ಗಂಜಿ ಹಾಕಂತ ನಾನ ಹೇಳಿದ್ನಿ. ನೇಕಾರ ಬುದ್ಧಿ."

ಅಲ್ಲಿಗೆ ಮುಗಿಯುತ್ತಿತ್ತು. ಸಾವಿತ್ರೆವ್ವ ಸುಮ್ಮನಿದ್ದಿದ್ದರೆ ಡಾಕ್ಟರು ನಕ್ಕು ಹೊಸ ಪಟ್ಟಿ ಕೊಡುತ್ತಿದ್ದ, ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದರು. ಮನೆಯಲ್ಲಿ ಅವಳು ಹಳೆಯ ಸಾವಿತ್ರೆವ್ವನಾಗಿಯೇ ಇರುತ್ತಿದ್ದಳು. ಆದರೆ ಮೂರು ಮುಂಜಾನೆ ಬಾಗಿಲ ಮರೆಯಲ್ಲಿ ನಿಂತು ನೋಡಿದ ಆ ಬಗ್ಗಿದ ತಲೆ, ಕಚ್ಚಿದ ತುಟಿ ಅವಳ ಕಣ್ಣೊಳಗಿತ್ತು. ಎಲ್ಲರ ಮೇಲೂ ಕಣ್ಣಿಟ್ಟಿದ್ದಳು. ತನ್ನ ಕೈಯ ಮೇಲೆ ಮಾತ್ರ ಇಟ್ಟಿರಲಿಲ್ಲ.

"ಇವರಿಗೆ ಗೊತ್ತೂ ಇಲ್ರಿ," ಅಂದಳು. "ಆಕಿಗೂ ನಾ ಹೇಳಿಲ್ಲ. ಗಂಜಿ ಹಾಕಿದಾಕಿ ನಾನು. ಗೂಟಕ್ಕ ಬಿಗದಾಕಿನೂ ನಾನು."

ಶೈಲಾ ಮೊದಲ ಸಲ ತಲೆ ಎತ್ತಿದಳು.

"ನನಗ ವಾಸನಿ ಬಂದಿತ್ರಿ ಅತ್ತಿ," ಅಂದಳು ಮೆಲ್ಲಗೆ. "ಅರಿವಿ ವಿಷಯ ನಿಮಗಿಂತ ನನಗೇನ ಹೆಚ್ಚ ಗೊತ್ತೈತಿ ಅಂತ ಸುಮ್ನಾದ್ನಿ."

ಶಿವಯೋಗೆಪ್ಪ ಹೊಸ ಪಟ್ಟಿಯ ತುದಿ ಹಿಡಿದು ಎಳೆದ, ಬಿಟ್ಟ. ಅದು ಸರ್ರನೆ ಹಿಂದಕ್ಕೆ ಬಂತು. ಹಳೆಯದನ್ನು ಎಳೆದ, ಬಿಟ್ಟ. ಎಳೆದಲ್ಲೇ ಉಳಿಯಿತು.

"ನಮ್ಮ ನೂಲು ಎಳದ್ರ ಎಳದಂಗ ಇರಬೇಕು," ಅಂದ, ಯಾರಿಗೆ ಎಂದಿಲ್ಲದೆ. "ಇದು ಎಳದ್ರ ತಿರಗಿ ಬರಬೇಕು. ಅಷ್ಟ ಫರಕು ನೋಡು."

ಡಾಕ್ಟರು ಎರಡು ಹೊಸ ಪಟ್ಟಿ ಕೊಡಿಸಿದ. ತೊಳೆಯುವ ವಿಧಾನವನ್ನು ಈ ಸಲ ಸಾವಿತ್ರೆವ್ವನಿಗೇ ಹೇಳಿಸಿ, ಅವಳ ಬಾಯಿಂದ ಮತ್ತೊಮ್ಮೆ ಕೇಳಿದ. ಅವಳು ಸಾಲಿಯ ಹುಡುಗಿಯಂತೆ ಒಪ್ಪಿಸಿದಳು: ಹಿಂಡುವುದಿಲ್ಲ, ತೂಗುಹಾಕುವುದಿಲ್ಲ, ಬಿಸಿಲಿಗಿಡುವುದಿಲ್ಲ, ಗಂಜಿ ಹಾಕುವುದಿಲ್ಲ. ಒಪ್ಪಿಸಿದ ಮೇಲೆ, ನರದ ರಕ್ತ ಬೇರೆ ನರಕ್ಕೆ ಹೋಗುತ್ತದೆ ಅಂದಿದ್ದಿರಲ್ಲ, ಅದನ್ನು ಆ ಟಿ.ವಿ.ಯಲ್ಲಿ ತನಗೂ ತೋರಿಸಬೇಕು ಅಂದಳು. ತೋರಿಸಿದ. ನೀಲಿ ಬಣ್ಣ ಮೇಲಕ್ಕೆ ಹೋಗುವುದನ್ನು ಅವಳು ಬಹಳ ಹೊತ್ತು ನೋಡಿದಳು. ಕೆಳಕ್ಕೆ ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಅಮಾವಾಸ್ಯೆ ಬಂತು, ಹೋಯಿತು. ರಾಮಲಿಂಗಪ್ಪ ಫೋನು ಮಾಡಿದಾಗ ಇನ್ನೊಂದು ತಿಂಗಳು ತಡೆ ಅಂದಳು. ಎಲೆಯ ಪುಡಿಕೆಯನ್ನು ಎಸೆಯಲಿಲ್ಲ; ಗೂಡಿನಲ್ಲಿ ಇನ್ನೂ ಒಳಕ್ಕೆ ತಳ್ಳಿದಳು. ಮುಂಜಾನೆ ಶೈಲಾ ಪಟ್ಟಿ ಸುತ್ತುವಾಗ ಈಗ ಬಾಗಿಲ ಮರೆಗಲ್ಲ, ಹಾಸಿಗೆಯ ಪಕ್ಕದಲ್ಲೇ ಕೂತು ಸುರುಳಿ ಹಿಡಿದುಕೊಡುತ್ತಿದ್ದಳು. ತೊಳೆದ ಪಟ್ಟಿಯನ್ನು ನೆರಳಲ್ಲಿ ಮೊರದ ಮೇಲೆ ಮುದ್ದೆಯಾಗಿ ಹರವುವುದು ಅವಳದೇ ಕೆಲಸವಾಯಿತು. ಹರವಿ ಬಂದ ಮೇಲೆ ಎರಡು ಸಲ ತಿರುಗಿ ಹೋಗಿ ನೋಡುತ್ತಿದ್ದಳು. ಆ ಸುಕ್ಕುಗಳನ್ನು ಕಂಡರೆ ಬೆರಳು ತುರಿಸುತ್ತಿದ್ದವು. ಸೆರಗಿನಲ್ಲಿ ಕೈ ಸುತ್ತಿಕೊಂಡು ಒಳಗೆ ಬರುತ್ತಿದ್ದಳು.

ದೀಪಾವಳಿಗೆ ಹುಣ್ಣು ಮಾಯಲಿಲ್ಲ. ಎಂಟನೆಯ ಗೆರೆ ಹುಣಸೆಬೀಜದಷ್ಟಿತ್ತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಡಾಕ್ಟರು ಹಾಳೆ ಇಟ್ಟು, ಪೆನ್ನು ತೆಗೆದು, ಎಳೆಯಲು ಗೆರೆಯಿಲ್ಲ ಎಂದು ಮುಚ್ಚಳ ಹಾಕಿದ. ಇನ್ನು ಮುಂದೆಯೂ ಕಾಲುಚೀಲದಂಥ ಬಿಗಿ ಪಟ್ಟಿ ಹಾಕಿಕೊಳ್ಳಬೇಕು, ಇಲ್ಲವಾದರೆ ತಿರುಗಿ ಬಂದೀತು ಎಂದು ಎಚ್ಚರಿಸಿದ. ಸಾವಿತ್ರೆವ್ವ ಅಲ್ಲೇ ಬಗ್ಗಿ, ಹೊಸ ಗುಲಾಬಿ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕುಳಿ ಬೀಳಲಿಲ್ಲ. ಇನ್ನೊಮ್ಮೆ ಒತ್ತಿದಳು.

ಅವತ್ತು ಸಂಜೆ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ. ಬಸವಕುಮಾರ, ಶೈಲಾ, ಮೊಮ್ಮಗಳು ಸಾಲಾಗಿ ಕೂತಿದ್ದರು. ಸಾವಿತ್ರೆವ್ವ ಗಂಡನ ತಾಟಿಗೆ ಬಡಿಸಿ, ರೂಢಿಯಂತೆ ಮಗ್ಗದ ಕೋಣೆಗೆ ಒಯ್ಯಲು ಎದ್ದಳು. ಬಾಗಿಲಲ್ಲಿ ಅವನೇ ನಿಂತಿದ್ದ. ತಾಟು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಬಂದು ಮಗನ ಪಕ್ಕದಲ್ಲಿ ಕೂತ. ಮೊಮ್ಮಗಳು ಸರಿದು ಜಾಗ ಮಾಡಿಕೊಟ್ಟಳು.

ಅವನಿಗೆ ಕಾಲು ಮಡಚಲು ಬರುತ್ತಿರಲಿಲ್ಲ. ತಾಟುಗಳ ಕಡೆ ಕಾಲು ಚಾಚಬಾರದೆಂದು ಸಂಕೋಚದಿಂದ ಅತ್ತ ಇತ್ತ ಹೊರಳಾಡಿದ. ಸಾವಿತ್ರೆವ್ವ ತಾನು ಕೂತಿದ್ದ ಮಣೆಯನ್ನು ಎಳೆದು ಅವನ ಹಿಮ್ಮಡಿಯ ಕೆಳಗೆ ಸರಿಸಿದಳು. ಕಾಲು ಎತ್ತರಕ್ಕಿರಬೇಕು ಅಂದಿದ್ದಾನೆ ಆ ಡಾಕ್ಟರು. ಆಮೇಲೆ ಬರಿ ನೆಲದ ಮೇಲೆ ಕೂತು, ಪಟ್ಟಿಯ ಮೇಲಿನ ಚೌಕಗಳನ್ನು ಒಮ್ಮೆ ಕಣ್ಣಲ್ಲೇ ನೋಡಿ, ಇನ್ನೊಂದು ರೊಟ್ಟಿಗೆ ಹಿಟ್ಟು ನಾದಿದಳು.